ಪ್ಯಾರಿಸ್ಸಿನ ಪುಸ್ತಕದ ನೆಂಟರು

ಮಗನೋ ಮಗಳೋ ಓದಲೆಂದು ವಿದೇಶಕ್ಕೆ ಹೊರಟರೆ ನಮ್ಮ ಮನೆಗಳಲ್ಲಿ ತಿಂಗಳ ಮೊದಲೇ ಗಡಿಬಿಡಿ ಶುರುವಾಗುತ್ತದೆ. ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ, ಪುಟ್ಟದೊಂದು ಕುಕ್ಕರ್, ಉಣ್ಣೆಯ ಸ್ವೆಟರ್, ಸರ್ಟಿಫಿಕೇಟುಗಳ ಜೆರಾಕ್ಸ್ ಪ್ರತಿಗಳು - ಎಲ್ಲವನ್ನೂ ತೂಗಿ ತೂಗಿ ಪೆಟ್ಟಿಗೆಗೆ ತುಂಬುತ್ತೇವೆ. ಕೊನೆಯ ಗಳಿಗೆಯಲ್ಲಿ ತೂಕ ಹೆಚ್ಚಾಯಿತೆಂದು ಏನನ್ನಾದರೂ ತೆಗೆಯಬೇಕಾಗಿ ಬಂದರೆ ಮೊದಲು ಹೊರಗೆ ಬರುವುದು ಸಾಮಾನ್ಯವಾಗಿ ಕಥೆ ಪುಸ್ತಕ. 'ಅಷ್ಟು ದೂರ ಹೋಗಿ ಕಥೆ ಓದ್ತಾ ಕೂತ್ಕೋತೀಯಾ?' ಎಂಬ ಮಾತೂ ಅದರ ಜತೆಗೇ ಬರುತ್ತದೆ.

ಸಾಲ ಮಾಡಿ ಮಕ್ಕಳನ್ನು ಕಳಿಸುವ ತಂದೆತಾಯಿ ಹಾಗೆ ಹೇಳಿದರೆ ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ಭಾಷೆ, ಊಟ, ಹವೆ ಎಲ್ಲವೂ ಬೇರೆಯಾದ ಊರಿನಲ್ಲಿ ತರಗತಿ ಮುಗಿದ ಮೇಲೆ ಆ ಹುಡುಗ ಯಾರೊಡನೆ ಮಾತನಾಡುತ್ತಾನೆ? ಗುರುತಿಲ್ಲದವರು ಗೆಳೆಯರಾಗಲು ಏನಾದರೂ ಒಂದು ನೆಪ ಬೇಕಲ್ಲವೆ? ನೂರು ವರ್ಷಗಳ ಹಿಂದೆ ಪ್ಯಾರಿಸ್ ನಗರದಲ್ಲಿ ಪರದೇಶಿಗಳ ಒಂದು ದೊಡ್ಡ ಗುಂಪಿಗೆ ಆ ನೆಪ ಸಿಕ್ಕಿದ್ದು ಒಂದು ಪುಸ್ತಕದಂಗಡಿಯಲ್ಲಿ. ಅಂಗಡಿಯ ಹೆಸರು 'ಶೇಕ್ಸ್‌ಪಿಯರ್ ಅಂಡ್ ಕಂಪನಿ'. ಅದರ ಒಡತಿ ಅಮೆರಿಕದ ಸಿಲ್ವಿಯಾ ಬೀಚ್.

ಈ ಅಂಗಡಿಯ ಬಗ್ಗೆ ಬರೆಯುವವರೆಲ್ಲ ಅಲ್ಲಿಗೆ ಬಂದ ದೊಡ್ಡ ಲೇಖಕರ ಹೆಸರುಗಳ ಪಟ್ಟಿಯಿಂದ ಆರಂಭಿಸುತ್ತಾರೆ. ಆದರೆ ಬಂದವರು ದೊಡ್ಡವರಾದದ್ದು ಆಮೇಲೆ. ಬಂದಾಗ ಅವರಲ್ಲಿ ಹೆಚ್ಚಿನವರು ಜೇಬಿನಲ್ಲಿ ಕಾಸಿಲ್ಲದ, ಊರು ಬಿಟ್ಟು ಬಂದ ಸಾಮಾನ್ಯ ಓದುಗರು.

ಗಾಳಿಗೆ ಹಾರಿದ ಟೋಪಿ

ಸಿಲ್ವಿಯಾ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ತಂದೆ ಕ್ರೈಸ್ತ ಪಾದ್ರಿ. ಆಕೆ ಹದಿನೈದರ ಹುಡುಗಿಯಾಗಿದ್ದಾಗ ತಂದೆಯ ಕೆಲಸದ ಸಲುವಾಗಿ ಕುಟುಂಬ ಕೆಲವು ವರ್ಷ ಪ್ಯಾರಿಸ್ಸಿನಲ್ಲಿತ್ತು. ಅಂದು ಹತ್ತಿದ ಫ್ರಾನ್ಸಿನ ಹುಚ್ಚು ಮತ್ತೆ ಇಳಿಯಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಕೆ ಮತ್ತೆ ಪ್ಯಾರಿಸ್ಸಿಗೆ ಬಂದು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಫ್ರೆಂಚ್ ಸಾಹಿತ್ಯ ಓದುತ್ತಿದ್ದಳು. 1917ರಲ್ಲಿ ಒಂದು ದಿನ ಯಾವುದೋ ಪತ್ರಿಕೆಯಲ್ಲಿ ಒಂದು ಪುಸ್ತಕದಂಗಡಿಯ ವಿಳಾಸ ಕಣ್ಣಿಗೆ ಬಿತ್ತು: 7, ರ್‍ಯು ದ ಲೊದೆಯೋಂ. ಅಂದರೆ ಓದೆಯೋಂ ಬೀದಿ. (ಬೀದಿಯ ಹೆಸರಿನಲ್ಲೇ 'ಓದು' ಇದೆ ಎಂದು ನಾವು ಕನ್ನಡಿಗರು ಸಂತೋಷಪಡಬಹುದು!)

ಆಕೆ ಹುಡುಕಿಕೊಂಡು ಹೋದಳು. ಒಳಗೆ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ಅನುಮಾನಿಸುತ್ತ ನಿಂತಿದ್ದಾಗ ಅಂಗಡಿಯ ಒಡತಿಯೇ ಹೊರಗೆ ಬಂದು ಕರೆದಳು. ಅಷ್ಟರಲ್ಲಿ ಜೋರಾಗಿ ಬೀಸಿದ ಗಾಳಿಗೆ ಸಿಲ್ವಿಯಾ ತೊಟ್ಟಿದ್ದ ಸ್ಪ್ಯಾನಿಷ್ ಟೋಪಿ ಹಾರಿ ಬೀದಿಯ ನಡುವೆ ಉರುಳತೊಡಗಿತು. ಉದ್ದ ಲಂಗದ ಆ ಒಡತಿ ಅದರ ಹಿಂದೆ ಓಡಿ, ಇನ್ನೇನು ಗಾಡಿಯ ಚಕ್ರಕ್ಕೆ ಸಿಗಬೇಕೆನ್ನುವಾಗ ಹಿಡಿದು, ಧೂಳು ಕೊಡವಿ ತಂದುಕೊಟ್ಟಳು. ಇಬ್ಬರೂ ನಕ್ಕರು. ಒಳಗೆ ಕುಳಿತು ಪುಸ್ತಕಗಳ ಮಾತು ತೆಗೆದರು. ತನಗೆ ಅಮೆರಿಕ ಬಲು ಇಷ್ಟ ಎಂದಳು ಅಂಗಡಿಯಾಕೆ. ತನಗೆ ಫ್ರಾನ್ಸ್ ಬಲು ಇಷ್ಟ ಎಂದಳು ಸಿಲ್ವಿಯಾ. ಆದ್ರಿಯೆನ್ ಮೋನಿಯೆ ಎಂಬ ಆ ಫ್ರೆಂಚ್ ಹೆಂಗಸಿಗೂ ಸಿಲ್ವಿಯಾಗೂ ಆ ದಿನ ಬೆಳೆದ ಸ್ನೇಹ ಆದ್ರಿಯೆನ್ ತೀರಿಕೊಂಡ 1955ರವರೆಗೆ ಉಳಿಯಿತು.

ಆದ್ರಿಯೆನ್‌ಳ ಅಂಗಡಿ ಬರೀ ಮಾರಾಟದ ಅಂಗಡಿಯಲ್ಲ. ಚಂದಾ ಕೊಟ್ಟರೆ ಪುಸ್ತಕ ಮನೆಗೊಯ್ಯಬಹುದು, ಓದಿ ತಂದುಕೊಡಬಹುದು. ಸಂಜೆ ಲೇಖಕರು ಬಂದು ತಮ್ಮ ಬರಹ ಓದುತ್ತಿದ್ದರು. ಯುದ್ಧದ ಆ ದಿನಗಳಲ್ಲಿ ಸಮವಸ್ತ್ರ ತೊಟ್ಟ ಕವಿಗಳೂ ಬಂದು ಕುಳಿತು ಕೇಳುತ್ತಿದ್ದರು. ಇಂಥದೊಂದು ಅಂಗಡಿ ತನಗೂ ಬೇಕು ಎಂದು ಸಿಲ್ವಿಯಾಗೆ ಅನ್ನಿಸಿತು.

ಮೊದಲ ಯೋಚನೆ ನ್ಯೂಯಾರ್ಕಿನಲ್ಲಿ ಫ್ರೆಂಚ್ ಪುಸ್ತಕಗಳ ಅಂಗಡಿ ತೆರೆಯುವುದು. ಆದರೆ ಅಲ್ಲಿನ ಬಾಡಿಗೆ ಕೈಗೆಟುಕುವಂತಿರಲಿಲ್ಲ. ಲಂಡನ್ನಿಗೆ ಹೋಗಿ ವಿಚಾರಿಸಿದಳು, ಅದೂ ಆಗಲಿಲ್ಲ. ಕೊನೆಗೆ ಯೋಚನೆ ತಿರುವುಮುರುವಾಯಿತು: ಪ್ಯಾರಿಸ್ಸಿನಲ್ಲಿಯೇ ಇಂಗ್ಲಿಷ್ ಪುಸ್ತಕಗಳ ಅಂಗಡಿ ಏಕಾಗಬಾರದು? ಆದ್ರಿಯೆನ್ ತನ್ನ ಬೀದಿಯ ಹತ್ತಿರವೇ, ದ್ಯೂಪ್ಯುಯಿತ್ರೆನ್ ಬೀದಿಯಲ್ಲಿ ಖಾಲಿ ಮಳಿಗೆಯೊಂದನ್ನು ಕಂಡುಹಿಡಿದಳು. ಅದು ಹಿಂದೆ ಬಟ್ಟೆ ಒಗೆಯುವವರ ಅಂಗಡಿಯಾಗಿತ್ತು.

ಇಲ್ಲಿ ತಂದೆತಾಯಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಸಿಲ್ವಿಯಾ ಅಮ್ಮನಿಗೆ ತಂತಿ ಕಳಿಸಿದಳು. ಪ್ಯಾರಿಸ್ಸಿನಲ್ಲಿ ಪುಸ್ತಕದಂಗಡಿ ತೆರೆಯುತ್ತಿದ್ದೇನೆ, ಹಣ ಕಳಿಸು ಎಂಬಷ್ಟೇ ಅದರ ಸಾರಾಂಶ. ಮೂವತ್ತೆರಡು ವರ್ಷದ, ವ್ಯಾಪಾರದ ಗಂಧಗಾಳಿಯಿಲ್ಲದ ಮಗಳಿಂದ ಇಂಥ ತಂತಿ ಬಂದರೆ ನಮ್ಮಲ್ಲಿ ಎಷ್ಟು ತಾಯಂದಿರು ಹಣ ಕಳಿಸಿಯಾರು? ಆಕೆ ತಾನು ಉಳಿಸಿಟ್ಟಿದ್ದ 3000 ಡಾಲರ್‌ಗಳನ್ನು ಕಳಿಸಿದಳು. 1919ರ ನವೆಂಬರ್ 19ರಂದು ಅಂಗಡಿಯ ಬಾಗಿಲು ತೆರೆಯಿತು. ಕುರ್ಚಿ ಮೇಜುಗಳೆಲ್ಲ ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡವು. ಎರಡು ವರ್ಷ ತುಂಬುವುದರೊಳಗೆ, 1921ರಲ್ಲಿ, ಅಂಗಡಿ ಓದೆಯೋಂ ಬೀದಿಯ 12ನೇ ನಂಬರಿಗೆ, ಆದ್ರಿಯೆನ್‌ಳ ಅಂಗಡಿಯ ಎದುರಿಗೇ ಬಂದಿತು. ಬೀದಿಯ ಒಂದು ಕಡೆ ಫ್ರೆಂಚ್, ಇನ್ನೊಂದು ಕಡೆ ಇಂಗ್ಲಿಷ್. ಓದುಗರು ಅತ್ತಿತ್ತ ದಾಟುತ್ತಿದ್ದರು.

ಸಾಲದ ಪುಸ್ತಕ

ಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿಗೆ ಹೊರದೇಶದವರು, ಅದರಲ್ಲೂ ಅಮೆರಿಕದ ತರುಣರು ತಂಡತಂಡವಾಗಿ ಬಂದರು. ಡಾಲರ್‌ನ ಎದುರು ಫ್ರಾಂಕ್‌ನ ಬೆಲೆ ಕುಸಿದಿದ್ದರಿಂದ ಅವರಿಗೆ ಅಲ್ಲಿನ ಜೀವನ ಅಗ್ಗವಾಗಿತ್ತು. ಆದರೆ ಇದೇ ಕಾರಣಕ್ಕೆ ಇಂಗ್ಲೆಂಡ್, ಅಮೆರಿಕಗಳಿಂದ ತರಿಸಿದ ಹೊಸ ಪುಸ್ತಕ ಅಲ್ಲಿ ದುಬಾರಿ. ಪ್ಯಾರಿಸ್ಸಿನ ವಿದ್ಯಾರ್ಥಿಗಾಗಲಿ ಬಡ ಲೇಖಕನಿಗಾಗಲಿ ಕೊಳ್ಳುವ ಶಕ್ತಿಯಿರಲಿಲ್ಲ. ಹೀಗಾಗಿ ಸಿಲ್ವಿಯಾ ಮಾರಾಟಕ್ಕಿಂತ ಸಾಲ ಕೊಡುವ ಗ್ರಂಥಾಲಯಕ್ಕೇ ಹೆಚ್ಚು ಒತ್ತು ಕೊಟ್ಟಳು.

ವ್ಯವಸ್ಥೆ ಬಹಳ ಸರಳ. ಒಂದಿಷ್ಟು ಠೇವಣಿ, ತಿಂಗಳಿಗೋ ಆರು ತಿಂಗಳಿಗೋ ವರ್ಷಕ್ಕೋ ಚಂದಾ. ಒಮ್ಮೆಗೆ ಒಂದೋ ಎರಡೋ ಪುಸ್ತಕ. ಪ್ರತಿ ಸದಸ್ಯನಿಗೂ ಒಂದು ಕಾರ್ಡು. ಅದರಲ್ಲಿ ಹೆಸರು, ವಿಳಾಸ, ಒಯ್ದ ಪುಸ್ತಕ, ಒಯ್ದ ದಿನ, ಹಿಂದಿರುಗಿಸಿದ ದಿನ. ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಬೀದಿಗೊಂದರಂತೆ ಇದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಸಿಲ್ವಿಯಾಳ ಗ್ರಂಥಾಲಯದಲ್ಲಿ ಪುಸ್ತಕಗಳ ಸೂಚಿಪಟ್ಟಿ ಇರಲಿಲ್ಲ. ಬೇಕಾದ್ದನ್ನು ನೀವೇ ಹುಡುಕಬೇಕು, ಇಲ್ಲವೇ ಆಕೆಯನ್ನು ಕೇಳಬೇಕು. ಕೇಳಿದರೆ ಮಾತು ಬೆಳೆಯುತ್ತದೆ. ಪಕ್ಕದಲ್ಲಿ ನಿಂತವನೂ ಬಾಯಿ ಹಾಕುತ್ತಾನೆ. ಆ ಪುಸ್ತಕ ಬೇಡ, ಈ ಪುಸ್ತಕ ಓದು ಎನ್ನುತ್ತಾನೆ. ಪರಿಚಯ ಬೆಳೆಯಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಾರದು. ಇಂದಿನ ಗ್ರಂಥಾಲಯಗಳಲ್ಲಿ ಕಂಪ್ಯೂಟರ್ ಪರದೆ ಕ್ಷಣದಲ್ಲಿ ಪುಸ್ತಕವಿರುವ ಕಪಾಟಿನ ನಂಬರು ಹೇಳಿಬಿಡುತ್ತದೆ. ಅನುಕೂಲ ನಿಜ, ಆದರೆ ಯಾರೊಡನೆಯೂ ಒಂದು ಮಾತನ್ನೂ ಆಡದೆ ಪುಸ್ತಕ ಹಿಡಿದು ಹೊರಬರಬಹುದು.

ಫ್ರಾನ್ಸಿನ ಹಿರಿಯ ಲೇಖಕ ಆಂದ್ರೆ ಜೀದ್ ಮೊದಲ ಸದಸ್ಯರಲ್ಲಿ ಒಬ್ಬ. ಅಮೆರಿಕದಿಂದ ಬಂದು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಗರ್ಟ್ರೂಡ್ ಸ್ಟೈನ್ ಬಂದಳು. ಕವಿ ಎಜ್ರಾ ಪೌಂಡ್ ಬಂದ. ಅವನಿಗೆ ಬಡಗಿ ಕೆಲಸದ ಹವ್ಯಾಸ. ಅಂಗಡಿಯ ಮುರುಕು ಕುರ್ಚಿಗಳನ್ನು ಸರಿಪಡಿಸಿಕೊಟ್ಟ. ನೆಲೆಯಿಲ್ಲದೆ ಹೋಟೆಲಿನಿಂದ ಹೋಟೆಲಿಗೆ ಅಲೆಯುವವರು ತಮ್ಮ ಪತ್ರಗಳಿಗೆ ಅಂಗಡಿಯ ವಿಳಾಸವನ್ನೇ ಕೊಡುತ್ತಿದ್ದರು. ಅವುಗಳನ್ನು ಜೋಡಿಸಿಡಲು ಸಿಲ್ವಿಯಾ ಅಕ್ಷರಾನುಕ್ರಮದ ಗೂಡುಗಳ ಪೆಟ್ಟಿಗೆಯನ್ನೇ ಇಟ್ಟಿದ್ದಳು. ಕೈ ಬರಿದಾದವರಿಗೆ ಕೈಗಡವನ್ನೂ ಕೊಡುತ್ತಿದ್ದಳು. ಅಂಚೆ ಕಚೇರಿ, ಬ್ಯಾಂಕು, ಹರಟೆಕಟ್ಟೆ ಎಲ್ಲವೂ ಒಂದೇ ಕಡೆ ಎಂದರೂ ಸರಿಯೆ.

1921ರ ಕೊನೆಯಲ್ಲಿ ಇಪ್ಪತ್ತೆರಡು ವರ್ಷದ ಪತ್ರಕರ್ತನೊಬ್ಬ ಹೆಂಡತಿಯೊಡನೆ ಅಮೆರಿಕದಿಂದ ಪ್ಯಾರಿಸ್ಸಿಗೆ ಬಂದ. ಅಂಗಡಿಗೆ ಮೊದಲ ಸಲ ಬಂದಾಗ ಸದಸ್ಯನಾಗುವಷ್ಟು ಹಣ ಜೇಬಿನಲ್ಲಿರಲಿಲ್ಲ. ಕೈಗೆ ಬಂದಾಗ ಕೊಡಬಹುದು ಎಂದು ಹೇಳಿ ಸಿಲ್ವಿಯಾ ಕಾರ್ಡು ಬರೆದುಕೊಟ್ಟಳು. ಬೇಕಾದಷ್ಟು ಪುಸ್ತಕ ಒಯ್ಯಲೂ ಹೇಳಿದಳು. ಆತ ತುರ್ಗೆನೆವ್, ಟಾಲ್‌ಸ್ಟಾಯ್, ದಾಸ್ತೊಯೆವ್‌ಸ್ಕಿ, ಲಾರೆನ್ಸ್ ಇವರ ಪುಸ್ತಕಗಳನ್ನು ಹೊತ್ತುಕೊಂಡು ಹೋದ. ಗುರುತು ಪರಿಚಯವಿಲ್ಲದ ಹುಡುಗ. ವಿಳಾಸ ನೋಡಿದರೆ ಬಡವರ ಕೇರಿಯದು. ಆತನ ಹೆಸರು ಅರ್ನೆಸ್ಟ್ ಹೆಮಿಂಗ್ವೆ. 1954ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಪ್ಯಾರಿಸ್ಸಿನ ದಿನಗಳ ನೆನಪುಗಳನ್ನು ಬರೆದ ಅವನ ಪುಸ್ತಕ ಅವನು ತೀರಿಕೊಂಡ ಮೇಲೆ 1964ರಲ್ಲಿ ಪ್ರಕಟವಾಯಿತು. ಅದರಲ್ಲಿ ಹಳೆಯ ಗೆಳೆಯರಲ್ಲಿ ಅನೇಕರನ್ನು ಅವನು ನಿರ್ದಯವಾಗಿ ಚುಚ್ಚಿದ್ದಾನೆ. ಸಿಲ್ವಿಯಾಳ ಬಗ್ಗೆ ಮಾತ್ರ ಒಂದು ಕೆಟ್ಟ ಮಾತಿಲ್ಲ.

ರಷ್ಯದ ಕಥೆಗಾರರನ್ನು ಅಮೆರಿಕದ ಹುಡುಗ ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ಅನುವಾದದಲ್ಲಿ ಓದಿ ಬರೆಯಲು ಕಲಿತ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ನೆನಪಿಡಬೇಕು. ಸಿಲ್ವಿಯಾ ಮತ್ತು ಆದ್ರಿಯೆನ್ ಇಬ್ಬರೂ ಕೂಡಿ ಟಿ.ಎಸ್. ಎಲಿಯಟ್‌ನ ಪ್ರೂಫ್ರಾಕ್ ಕವನವನ್ನು ಫ್ರೆಂಚಿಗೆ ಅನುವಾದಿಸಿ 1925ರಲ್ಲಿ ಆದ್ರಿಯೆನ್‌ಳ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಒಬ್ಬಳ ಭಾಷೆ ಇಂಗ್ಲಿಷ್, ಇನ್ನೊಬ್ಬಳದು ಫ್ರೆಂಚ್. ನಡುವೆ ಒಂದು ಕವನ.

ಯಾರೂ ಮುಟ್ಟದ ಪುಸ್ತಕ

ಅಂಗಡಿಯ ಹೆಸರು ಜಗತ್ತಿಗೆ ಗೊತ್ತಾದದ್ದು ಜೇಮ್ಸ್ ಜಾಯ್ಸ್‌ನಿಂದ. ಐರ್ಲೆಂಡಿನವನಾದ ಜಾಯ್ಸ್ ಊರು ಬಿಟ್ಟು ಟ್ರಿಯೆಸ್ಟ್, ಜ್ಯೂರಿಚ್ ನಗರಗಳಲ್ಲಿ ಇಂಗ್ಲಿಷ್ ಪಾಠ ಹೇಳಿ ಸಂಸಾರ ಸಾಕಿದವನು. 1920ರ ಜುಲೈಯಲ್ಲಿ ಕೆಲವು ದಿನಗಳ ಮಟ್ಟಿಗೆಂದು ಪ್ಯಾರಿಸ್ಸಿಗೆ ಬಂದು ಇಪ್ಪತ್ತು ವರ್ಷ ಉಳಿದುಬಿಟ್ಟ. ಕವಿಯೊಬ್ಬನ ಮನೆಯ ಔತಣಕೂಟದಲ್ಲಿ ಸಿಲ್ವಿಯಾಗೆ ಅವನ ಪರಿಚಯವಾಯಿತು. ಮರುದಿನವೇ ಕೈಯಲ್ಲಿ ಬೆತ್ತ ತಿರುಗಿಸುತ್ತ ಅಂಗಡಿಗೆ ಬಂದು ಸದಸ್ಯನಾದ. ನಾಯಿ ಎಂದರೆ ಹೆದರುತ್ತಿದ್ದ, ಗುಡುಗಿಗೂ ಹೆದರುತ್ತಿದ್ದ. ಪುಸ್ತಕಗಳನ್ನು ಡಜನುಗಟ್ಟಲೆ ಒಯ್ದು ಕೆಲವೊಮ್ಮೆ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದ.

ಆಗ ಅವನು ಬರೆಯುತ್ತಿದ್ದ 'ಯುಲಿಸಿಸ್' ಕಾದಂಬರಿಯ ಭಾಗಗಳು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬರುತ್ತಿದ್ದವು. ಅದು ಅಶ್ಲೀಲವೆಂದು ಅಲ್ಲಿನ ನ್ಯಾಯಾಲಯ 1921ರಲ್ಲಿ ಪತ್ರಿಕೆಯ ಸಂಪಾದಕಿಯರಿಗೆ ದಂಡ ಹಾಕಿತು. ಅಮೆರಿಕದಲ್ಲಾಗಲಿ ಇಂಗ್ಲೆಂಡಿನಲ್ಲಾಗಲಿ ಪುಸ್ತಕವನ್ನು ಅಚ್ಚು ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಇನ್ನು ತನ್ನ ಪುಸ್ತಕ ಹೊರಬರುವುದಿಲ್ಲವೆಂದು ಜಾಯ್ಸ್ ಅಂಗಡಿಗೆ ಬಂದು ಗೋಳು ತೋಡಿಕೊಂಡ. ತಾನು ಪ್ರಕಟಿಸಬಹುದೆ ಎಂದು ಸಿಲ್ವಿಯಾ ಕೇಳಿದಳು. ಅದಕ್ಕೆ ಮುನ್ನ ಒಂದು ಪುಸ್ತಕವನ್ನೂ ಪ್ರಕಟಿಸಿದವಳಲ್ಲ. ಕೈಯಲ್ಲಿ ಬಂಡವಾಳವೂ ಇರಲಿಲ್ಲ.

ಮುಂಗಡ ಚಂದಾದಾರರನ್ನು ಕೂಡಿಸುವುದೊಂದೇ ಉಪಾಯ. 1000 ಪ್ರತಿಗಳು, ಕಾಗದದ ಮೇಲೆ 150, 250, 350 ಫ್ರಾಂಕ್ ಎಂದು ಮೂರು ಬೆಲೆ. ಗ್ರಂಥಾಲಯದ ಗೆಳೆಯರು ಊರೆಲ್ಲ ಸುತ್ತಿ ಹೆಸರು ಬರೆಸಿದರು. ಎದುರು ಅಂಗಡಿಯಲ್ಲಿ ಆದ್ರಿಯೆನ್ 1921ರ ಡಿಸೆಂಬರ್ 7ರಂದು ಏರ್ಪಡಿಸಿದ ಸಭೆಯಲ್ಲಿ ಫ್ರೆಂಚ್ ಲೇಖಕ ವಾಲರಿ ಲಾರ್ಬೊ ಈ ಪುಸ್ತಕದ ಬಗ್ಗೆ ಉಪನ್ಯಾಸ ಮಾಡಿದ. ಕಾಲಿಡಲು ಜಾಗವಿರಲಿಲ್ಲವಂತೆ. ಇನ್ನೂ ಅಚ್ಚಾಗದ ಪುಸ್ತಕಕ್ಕೆ!

ಅಚ್ಚಿನ ಕೆಲಸ ದಿಜೋಂ ಪಟ್ಟಣದ ದಾರಾಂತಿಯೇರ್ ಎಂಬ ಮುದ್ರಕನದು. ಮೊಳೆ ಜೋಡಿಸುವವರಿಗೆ ಇಂಗ್ಲಿಷ್ ಬಾರದು. ಜಾಯ್ಸ್‌ನ ಕೈಬರಹ ಇಂಗ್ಲಿಷ್ ಬಲ್ಲವರಿಗೂ ಅರ್ಥವಾಗದು. ಬೆರಳಚ್ಚು ಮಾಡುತ್ತಿದ್ದ ಹೆಂಗಸಿನ ಗಂಡ ಹಸ್ತಪ್ರತಿಯ ಹಾಳೆಗಳನ್ನು ಓದಿ ಸಿಟ್ಟಿಗೆದ್ದು ಒಂದಷ್ಟನ್ನು ಬೆಂಕಿಗೆ ಹಾಕಿದ. ಅವನ್ನು ಮತ್ತೆ ಹೊಂದಿಸಬೇಕಾದರೆ ಅಮೆರಿಕದಲ್ಲಿದ್ದ ಇನ್ನೊಂದು ಪ್ರತಿಯ ಫೋಟೋ ತರಿಸಬೇಕಾಯಿತು. ಜಾಯ್ಸ್ ಬೇರೆ ಕರಡು ತಿದ್ದುವ ನೆಪದಲ್ಲಿ ಅಂಚಿನ ತುಂಬ ಹೊಸ ಸಾಲುಗಳನ್ನು ಸೇರಿಸುತ್ತಲೇ ಹೋದ. ಪುಸ್ತಕದ ಸುಮಾರು ಮೂರನೆಯ ಒಂದು ಭಾಗ ಬೆಳೆದದ್ದೇ ಕರಡಿನಲ್ಲಿ. ಪ್ರತಿ ತಿದ್ದುಪಡಿಗೂ ಮುದ್ರಕನಿಗೆ ಹೆಚ್ಚಿನ ಹಣ ಕೊಡಬೇಕು. ಕೇಳಿದಷ್ಟು ಕರಡು ಕೊಡಿ ಎಂದು ಸಿಲ್ವಿಯಾ ಮುದ್ರಕನಿಗೆ ಹೇಳಿಬಿಟ್ಟಿದ್ದಳು. ವ್ಯಾಪಾರ ಬಲ್ಲವರು ಯಾರೂ ಹಾಗೆ ಹೇಳುತ್ತಿರಲಿಲ್ಲ.

1922ರ ಫೆಬ್ರುವರಿ 2 ಜಾಯ್ಸ್‌ನ ನಲವತ್ತನೆಯ ಹುಟ್ಟುಹಬ್ಬ. ಅಂದು ಬೆಳಿಗ್ಗೆ ದಿಜೋಂನಿಂದ ಬಂದ ಎಕ್ಸ್‌ಪ್ರೆಸ್ ರೈಲಿನ ಕಂಡಕ್ಟರ್ ಒಂದು ಕಟ್ಟನ್ನು ಸಿಲ್ವಿಯಾಳ ಕೈಗಿಟ್ಟ. ಒಳಗೆ ಎರಡೇ ಪ್ರತಿ. ಒಂದು ಜಾಯ್ಸ್‌ಗೆ, ಇನ್ನೊಂದು ಅಂಗಡಿಯ ಕಿಟಕಿಗೆ. 732 ಪುಟ, ಒಂದೂವರೆ ಕಿಲೋಗೂ ಹೆಚ್ಚು ತೂಕ. ಸುದ್ದಿ ಹಬ್ಬಿ ಚಂದಾದಾರರು ಅಂಗಡಿಯ ಮುಂದೆ ನೆರೆದರು.

ಈ ಸ್ನೇಹದಲ್ಲಿ ಕೊಟ್ಟವಳು ಸಿಲ್ವಿಯಾ, ಪಡೆದವನು ಜಾಯ್ಸ್ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹತ್ತು ವರ್ಷ ಆಕೆ ಅವನಿಗೆ ಪ್ರಕಾಶಕಿ, ಕಾರ್ಯದರ್ಶಿ, ಬ್ಯಾಂಕು ಎಲ್ಲವೂ ಆಗಿದ್ದಳು. 1933ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯಾಧೀಶನೊಬ್ಬ ಪುಸ್ತಕ ಅಶ್ಲೀಲವಲ್ಲವೆಂದು ತೀರ್ಪು ಕೊಟ್ಟ. ಮರುವರ್ಷ ಅಲ್ಲಿನ ದೊಡ್ಡ ಪ್ರಕಾಶಕರು ಅದನ್ನು ಹೊರತಂದರು. ಸಿಲ್ವಿಯಾಗೆ ಒಂದು ಕಾಸೂ ಬರಲಿಲ್ಲ. ಆಕೆ 1959ರಲ್ಲಿ ಪ್ರಕಟಿಸಿದ ತನ್ನ ಆತ್ಮಕಥನದಲ್ಲಿ ತಾನು ಆ ಪುಸ್ತಕದ ಸೂಲಗಿತ್ತಿ ಮಾತ್ರ ಎಂಬ ಭಾವದಲ್ಲಿ ನಕ್ಕು ಮುಂದೆ ಹೋಗಿದ್ದಾಳೆ. ಓದುವ ನಮಗೆ ಅಷ್ಟು ಸುಲಭವಾಗಿ ನಗು ಬರುವುದಿಲ್ಲ.

ನಮ್ಮವರೂ ಇದ್ದರು

ಅದೇ ಕಾಲಕ್ಕೆ, 1929ರಲ್ಲಿ, ನಮ್ಮ ಹಾಸನದಲ್ಲಿ ಹುಟ್ಟಿದ ತರುಣ ರಾಜಾರಾವ್ ಓದಲೆಂದು ಫ್ರಾನ್ಸಿಗೆ ಹೋದರು. ಫ್ರಾನ್ಸಿನಲ್ಲಿ ಕುಳಿತು ಅವರು ಧಾರವಾಡದ 'ಜಯ ಕರ್ನಾಟಕ' ಪತ್ರಿಕೆಗೆ ಕನ್ನಡದಲ್ಲಿ ಬರೆದರು. ಮುಂದೆ ಗಾಂಧೀಜಿಯ ಚಳವಳಿ ಕನ್ನಡದ ಹಳ್ಳಿಯೊಂದನ್ನು ಹೊಕ್ಕ ಕಥೆಯನ್ನು ಇಂಗ್ಲಿಷಿನಲ್ಲಿ 'ಕಾಂತಾಪುರ' ಎಂಬ ಕಾದಂಬರಿಯಾಗಿಸಿದರು. 1938ರಲ್ಲಿ ಅದು ಲಂಡನ್ನಿನಲ್ಲಿ ಪ್ರಕಟವಾಯಿತು. ಮಲೆನಾಡಿನ ಅಜ್ಜಿಯ ಬಾಯಿಂದ ಕೇಳಿದಂತಿರುವ ಆ ಕಥೆ ಫ್ರಾನ್ಸಿನ ಚಳಿಯಲ್ಲಿ ಹುಟ್ಟಿತು.

ಇನ್ನೊಂದು ಉದಾಹರಣೆ ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು. ಯು.ಆರ್. ಅನಂತಮೂರ್ತಿಯವರು 1960ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದರು. ಅಲ್ಲಿ ಕಾದಂಬರಿಕಾರ ಮಾಲ್ಕಮ್ ಬ್ರಾಡ್ಬರಿ ಅವರ ಗುರು. ಇಬ್ಬರೂ ಒಮ್ಮೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ 'ಸೆವೆಂತ್ ಸೀಲ್' ಚಿತ್ರ ನೋಡಿದರು. ಚಿತ್ರದಲ್ಲಿ ಇಂಗ್ಲಿಷ್ ಅಡಿಬರಹವೂ ಇರಲಿಲ್ಲ. ಚಿತ್ರ ಮುಗಿದ ಮೇಲೆ ಗುರುಶಿಷ್ಯರ ನಡುವೆ ನಡೆದ ಮಾತೇ ತಮ್ಮನ್ನು 'ಸಂಸ್ಕಾರ' ಬರೆಯಲು ಹಚ್ಚಿತು ಎಂದು ಅನಂತಮೂರ್ತಿ ಹೇಳಿಕೊಂಡಿದ್ದಾರೆ. 1965ರಲ್ಲಿ ಕಾದಂಬರಿ ಪ್ರಕಟವಾಯಿತು. ತೀರ್ಥಹಳ್ಳಿಯ ಕಡೆಯ ಅಗ್ರಹಾರವೊಂದು ಅವರಿಗೆ ಮತ್ತೆ ಕಾಣಬೇಕಾದರೆ ಇಂಗ್ಲೆಂಡಿನ ಗುರು, ಸ್ವೀಡನ್ನಿನ ಚಿತ್ರ ಎರಡೂ ಬೇಕಾದವು. ಪರದೇಶದಲ್ಲಿ ಓದುವ ಹುಡುಗರು ಪಠ್ಯದ ಹೊರಗೆ 'ಕಾಲ ಕಳೆಯುವುದು' ಎಂದರೆ ಕೆಲವೊಮ್ಮೆ ಇದೂ ಇರುತ್ತದೆ.

ಮತ್ತೆ ಓದೆಯೋಂ ಬೀದಿಗೆ ಹಿಂದಿರುಗೋಣ. 1929ರ ನಂತರ ಜಗತ್ತನ್ನೆಲ್ಲ ಆರ್ಥಿಕ ಮುಗ್ಗಟ್ಟು ಕವಿಯಿತು. ಅಮೆರಿಕದವರು ಗಂಟುಮೂಟೆ ಕಟ್ಟಿ ಊರಿಗೆ ಹೋದರು. 1930ರ ದಶಕದ ನಡುವೆ ಅಂಗಡಿ ಮುಚ್ಚುವ ಸ್ಥಿತಿಗೆ ಬಂತು. ಆಗ ಆಂದ್ರೆ ಜೀದ್ ಮುಂದೆ ನಿಂತು ಫ್ರೆಂಚ್ ಲೇಖಕರನ್ನು ಕೂಡಿಸಿ, ಅಂಗಡಿಯ ಗೆಳೆಯರ ಬಳಗವೊಂದನ್ನು ಕಟ್ಟಿದ. ವರ್ಷಕ್ಕೆ 200 ಫ್ರಾಂಕ್ ಕೊಟ್ಟವರಿಗೆ ಲೇಖಕರ ವಾಚನ ಕೇಳುವ ಅವಕಾಶ. ಅಂಗಡಿಯಲ್ಲಿ ಇಕ್ಕಟ್ಟಾಗಿ ಹಿಡಿಯುವುದೇ ಅಷ್ಟು ಜನ ಎಂದು ಸದಸ್ಯರ ಸಂಖ್ಯೆಯನ್ನೂ 200ಕ್ಕೆ ನಿಲ್ಲಿಸಿದರು. 1936ರಲ್ಲಿ ಜೀದ್ ಓದಿದ, ಪಾಲ್ ವಲೇರಿ ಓದಿದ, ಎಲಿಯಟ್ ಲಂಡನ್ನಿನಿಂದ ಬಂದು ಓದಿದ. ಜನರೆದುರು ಓದುವುದೆಂದರೆ ಮಾರು ದೂರ ಓಡುತ್ತಿದ್ದ ಹೆಮಿಂಗ್ವೆಯೂ 1937ರಲ್ಲಿ ಓದಿದ. ಕೈಯಲ್ಲಿ ಹಣವಿಲ್ಲದಿದ್ದಾಗ ಪುಸ್ತಕ ಒಯ್ದವರ ಋಣ ಹೀಗೆ ಸಂದಾಯವಾಯಿತು.

ಎರಡು ಗಂಟೆಯಲ್ಲಿ ಮಾಯವಾದ ಅಂಗಡಿ

1940ರ ಜೂನ್‌ನಲ್ಲಿ ಹಿಟ್ಲರನ ಸೇನೆ ಪ್ಯಾರಿಸ್ಸನ್ನು ಹಿಡಿಯಿತು. ಊರಿಗೆ ಹಿಂದಿರುಗುವಂತೆ ಅಮೆರಿಕದ ರಾಯಭಾರ ಕಚೇರಿ ಹೇಳಿದರೂ ಸಿಲ್ವಿಯಾ ಕದಲಲಿಲ್ಲ. ಅಂಗಡಿ ತೆರೆದೇ ಇಟ್ಟಳು. ಆಗ ಆಕೆಗೆ ನೆರವಾಗುತ್ತಿದ್ದವಳು ಒಬ್ಬ ಯಹೂದಿ ಹುಡುಗಿ. ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಓದುತ್ತಿದ್ದ ವಿದ್ಯಾರ್ಥಿನಿ! ನಾಜಿಗಳ ಕಾನೂನಿನಿಂದ ತರಗತಿಗೆ ಹೋಗುವುದು ನಿಂತುಹೋಗಿತ್ತು. ಸಹಪಾಠಿಗಳ ಟಿಪ್ಪಣಿಗಳನ್ನು ನಕಲು ಮಾಡಿಕೊಂಡು, ಅಧ್ಯಾಪಕರ ನೆರವಿನಿಂದ ಓದು ಮುಂದುವರಿಸಿದ್ದಳು. ಯಹೂದಿಗಳು ಸಿನಿಮಾಕ್ಕೆ ಹೋಗುವಂತಿಲ್ಲ, ಕಾಫಿ ಹೋಟೆಲಿಗೆ ಹೋಗುವಂತಿಲ್ಲ, ಉದ್ಯಾನದ ಬೆಂಚಿನ ಮೇಲೆ ಕೂರುವಂತಿಲ್ಲ. ಸಿಲ್ವಿಯಾ ತಾನೂ ಆಕೆಯ ಜತೆ ಆ ನಿರ್ಬಂಧಗಳನ್ನು ಹಂಚಿಕೊಂಡಳು. ಒಂದು ದಿನ ಇಬ್ಬರೂ ಬೆಂಚಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಅತ್ತಿತ್ತ ಹೆದರಿ ನೋಡುತ್ತ, ಬೇಯಿಸಿದ ಮೊಟ್ಟೆ ತಿಂದು ಫ್ಲಾಸ್ಕಿನ ಚಹಾ ಕುಡಿದು ಎದ್ದರು. ಮತ್ತೆ ಹಾಗೆ ಮಾಡಲು ಮನಸ್ಸು ಬರಲಿಲ್ಲವೆಂದು ಸಿಲ್ವಿಯಾ ಬರೆದಿದ್ದಾಳೆ.

1941ರ ಡಿಸೆಂಬರ್. ಅಮೆರಿಕ ಯುದ್ಧಕ್ಕಿಳಿದ ತಿಂಗಳು. ಜರ್ಮನಿಯ ಸೇನಾಧಿಕಾರಿಯೊಬ್ಬ ದೊಡ್ಡ ಕಾರಿನಿಂದಿಳಿದು ಅಂಗಡಿಗೆ ಬಂದ. ಕಿಟಕಿಯಲ್ಲಿಟ್ಟಿದ್ದ ಜಾಯ್ಸ್‌ನ 'ಫಿನೆಗನ್ಸ್ ವೇಕ್' ಬೇಕೆಂದು ಒಳ್ಳೆಯ ಇಂಗ್ಲಿಷಿನಲ್ಲಿ ಕೇಳಿದ. ಅದು ಮಾರಾಟಕ್ಕಿಲ್ಲ, ಇರುವುದೊಂದೇ ಪ್ರತಿ, ಅದು ತನ್ನದು ಎಂದಳು ಸಿಲ್ವಿಯಾ. ಜಾಯ್ಸ್ ಆ ವರ್ಷದ ಜನವರಿಯಲ್ಲಷ್ಟೇ ತೀರಿಕೊಂಡಿದ್ದ. ಅಧಿಕಾರಿ ಸಿಟ್ಟಿನಿಂದ ಹೊರಟುಹೋದ. ಸುಮಾರು ಎರಡು ವಾರದ ಮೇಲೆ ಮತ್ತೆ ಬಂದು ಪುಸ್ತಕ ಎಲ್ಲಿ ಎಂದ. ತೆಗೆದಿಟ್ಟಿದ್ದೇನೆ ಎಂದಳು. ಇಂದೇ ನಿನ್ನ ಅಂಗಡಿಯ ಸಾಮಾನನ್ನೆಲ್ಲ ಜಪ್ತಿ ಮಾಡುತ್ತೇವೆ ಎಂದು ಗುಡುಗಿ ಕಾರು ಹತ್ತಿದ.

ಅವನು ಅತ್ತ ಹೋದದ್ದೇ ತಡ, ಸಿಲ್ವಿಯಾ ಕಟ್ಟಡದ ಕಾವಲಿನಾಕೆಯನ್ನು ಕೇಳಿ ಮೇಲಂತಸ್ತಿನ ಖಾಲಿ ಮನೆಯೊಂದರ ಬಾಗಿಲು ತೆಗೆಸಿದಳು. ಗೆಳೆಯರು ಓಡಿಬಂದರು. ಬಟ್ಟೆಯ ಬುಟ್ಟಿಗಳಲ್ಲಿ ತುಂಬಿ ತುಂಬಿ 5000 ಪುಸ್ತಕಗಳನ್ನು ಮೆಟ್ಟಿಲು ಹತ್ತಿಸಿದರು. ಲೇಖಕರ ಫೋಟೋಗಳು, ಕುರ್ಚಿ ಮೇಜು, ಕೊನೆಗೆ ವಿದ್ಯುದ್ದೀಪಗಳನ್ನೂ ಬಿಚ್ಚಿ ಸಾಗಿಸಿದರು. ಬಡಗಿ ಬಂದು ಕಪಾಟುಗಳನ್ನು ಕಳಚಿದ. ಬಣ್ಣ ಬಳಿಯುವವನು ಹೊರಗಿನ ಹೆಸರನ್ನು ಅಳಿಸಿದ. ಎರಡು ಗಂಟೆಯೊಳಗೆ ಓದೆಯೋಂ ಬೀದಿಯ 12ನೇ ನಂಬರಿನಲ್ಲಿ ಪುಸ್ತಕದಂಗಡಿಯ ಗುರುತೇ ಇರಲಿಲ್ಲ.

ಪುಸ್ತಕಗಳು ಜರ್ಮನರಿಗೆ ಸಿಗಲಿಲ್ಲ, ಸಿಲ್ವಿಯಾ ಸಿಕ್ಕಳು. ಶತ್ರು ದೇಶದ ಪ್ರಜೆಯೆಂದು 1942ರಲ್ಲಿ ಆಕೆಯನ್ನು ಬಂಧಿಸಿದರು. ಹಿಡಿದ ಹೆಂಗಸರನ್ನು ಮೊದಲು ಇಟ್ಟದ್ದು ಪ್ಯಾರಿಸ್ಸಿನ ಪ್ರಾಣಿಸಂಗ್ರಹಾಲಯದ ಮಂಗಗಳ ಮನೆಯಲ್ಲಿ! ಅಲ್ಲಿಂದ ವಿತ್ತೆಲ್ ಎಂಬಲ್ಲಿನ ಶಿಬಿರಕ್ಕೆ. ಬಿಡುಗಡೆಯಾದದ್ದು ಆರು ತಿಂಗಳ ಮೇಲೆ. 1944ರ ಆಗಸ್ಟ್‌ನಲ್ಲಿ ಪ್ಯಾರಿಸ್ ಬಿಡುಗಡೆಯಾದಾಗ ಓದೆಯೋಂ ಬೀದಿಯಲ್ಲಿ ಜೀಪುಗಳು ಬಂದು ನಿಂತವು. ಕೆಳಗಿನಿಂದ ಯಾರೋ 'ಸಿಲ್ವಿಯಾ' ಎಂದು ಕೂಗಿದರು. ಯುದ್ಧದ ವರದಿಗಾರನಾಗಿ ಬಂದ ಹೆಮಿಂಗ್ವೆ. ಆಕೆ ಮೆಟ್ಟಿಲಿಳಿದು ಓಡಿಬಂದಳು. ಆತ ಎತ್ತಿ ಗಿರ್ರನೆ ತಿರುಗಿಸಿದ.

ಅಂಗಡಿ ಮತ್ತೆ ತೆರೆಯಲಿಲ್ಲ. ಇಂದು ಪ್ಯಾರಿಸ್ಸಿಗೆ ಹೋದವರು ನೋತ್ರ್‌ದಾಮ್ ಇಗರ್ಜಿಯ ಎದುರು, ಸೇನ್ ನದಿಯ ದಡದಲ್ಲಿ ನೋಡುವ 'ಶೇಕ್ಸ್‌ಪಿಯರ್ ಅಂಡ್ ಕಂಪನಿ' ಬೇರೆಯದು. ಜಾರ್ಜ್ ವಿಟ್‌ಮನ್ ಎಂಬ ಅಮೆರಿಕದ ಅಲೆಮಾರಿ 1951ರಲ್ಲಿ ಬೇರೆ ಹೆಸರಿನಲ್ಲಿ ತೆರೆದ ಅಂಗಡಿ ಅದು. ಶೇಕ್ಸ್‌ಪಿಯರ್ ಹುಟ್ಟಿ 400 ವರ್ಷ ತುಂಬಿದ 1964ರಲ್ಲಿ ಸಿಲ್ವಿಯಾಳ ನೆನಪಿಗೆ ಈ ಹೆಸರಿಟ್ಟ. ತನ್ನ ಮಗಳಿಗೂ ಸಿಲ್ವಿಯಾ ಎಂದೇ ಹೆಸರಿಟ್ಟ. ತಂಗಲು ಜಾಗವಿಲ್ಲದೆ ಬಂದ ತರುಣ ತರುಣಿಯರಿಗೆ ಕಪಾಟುಗಳ ನಡುವೆ ಹಾಸಿಗೆ ಕೊಡುತ್ತಿದ್ದ. ಬಾಡಿಗೆ ಇಲ್ಲ. ದಿನಕ್ಕೊಂದು ಪುಸ್ತಕ ಓದಬೇಕು, ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೆಲಸ ಮಾಡಬೇಕು, ತನ್ನ ಬದುಕಿನ ಕಥೆಯನ್ನು ಒಂದು ಪುಟದಲ್ಲಿ ಬರೆದುಕೊಡಬೇಕು - ಇಷ್ಟೇ ಷರತ್ತು. ಹೀಗೆ ತಂಗಿದವರು ಸಾವಿರಾರು ಜನ. ಜಾರ್ಜ್ 2011ರಲ್ಲಿ ತನ್ನ 98ನೇ ವಯಸ್ಸಿನಲ್ಲಿ ತೀರಿಕೊಂಡ. ಅಂಗಡಿಯನ್ನು ಮಗಳು ನಡೆಸಿಕೊಂಡು ಬಂದಿದ್ದಾಳೆ.

ಹಳೆಯ ಸಿಲ್ವಿಯಾ 1962ರಲ್ಲಿ ತೀರಿಕೊಂಡಳು. ಆಕೆಯ ಕಾಗದಪತ್ರಗಳು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವನ್ನು ಸೇರಿದವು. ಅವುಗಳಲ್ಲಿ ಗ್ರಂಥಾಲಯದ ಕಾರ್ಡುಗಳೂ ಇವೆ. ವಿಶ್ವವಿದ್ಯಾಲಯ ಅವುಗಳನ್ನು ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡುವಂತೆ ಮಾಡಿದೆ. ಸದಸ್ಯರ ಸಂಖ್ಯೆ 5000 ದಾಟುತ್ತದೆ. ಸಿಮೋನ್ ದ ಬೊವಾ, ವಾಲ್ಟರ್ ಬೆಂಜಮಿನ್, ಮಾರ್ಟಿನೀಕ್ ದ್ವೀಪದಿಂದ ಓದಲು ಬಂದಿದ್ದ ಕವಿ ಎಮೆ ಸೆಸೇರ್ ಅಂಥವರ ಹೆಸರುಗಳ ನಡುವೆ ಯಾರೂ ಕೇಳರಿಯದ ಗೃಹಿಣಿಯರು, ಮೇಷ್ಟರುಗಳು, ವಿದ್ಯಾರ್ಥಿಗಳು ಸಾಲುಸಾಲಾಗಿ ಸಿಗುತ್ತಾರೆ. ಅಂಗಡಿ ಮುಚ್ಚಿದ ಮೇಲೂ ಸಿಲ್ವಿಯಾ ಮೇಲಿನ ಮನೆಯಿಂದಲೇ ಗೆಳೆಯರಿಗೆ ಪುಸ್ತಕ ಕೊಡುತ್ತಿದ್ದಳು. ಆ ಲೆಕ್ಕವೂ ಉಳಿದಿದೆ. ಒಂದೊಂದು ಕಾರ್ಡಿನಲ್ಲಿ ಸದಸ್ಯನ ಬೀದಿ, ಮನೆ ನಂಬರು ಬದಲಾದಾಗಲೆಲ್ಲ ಹಳೆಯದಕ್ಕೆ ಗೀಟು ಹಾಕಿ ಪಕ್ಕದಲ್ಲಿ ಹೊಸದನ್ನು ಬರೆದಿದೆ. ಅದರ ಕೆಳಗೆ ಮುಂದಿನ ಪುಸ್ತಕದ ಹೆಸರು.